ಒಬ್ಬಳಿಗಾಗುವಷ್ಟು ಧೈರ್ಯ

ಊರಿನ ಬಾಲಿಕಾ ಕೇಂದ್ರದಲ್ಲಿ ಒಬ್ಬಳಿಗಾಗುವಷ್ಟೇ ಧೈರ್ಯವಿತ್ತು. ಒಬ್ಬಳ ಮೈಯಿಂದ ತೆಗೆದೇ ಇನ್ನೊಬ್ಬಳಿಗೆ ಏರಿಸಬೇಕು. ಅದು ಮೈಯಲ್ಲಿದ್ದ ಮೂರು ತಿಂಗಳಲ್ಲಿ ಹುಲಿಗೆಮ್ಮ ಟ್ರ್ಯಾಕ್ಟರ್ ಕಲಿತಳು, ನರ್ಸಿಂಗ್ ಕಾಲೇಜಿಗೆ ಅರ್ಜಿ ಹಾಕಿದಳು. ಕೊನೆಯ ದಿನ, "ನಾ ವಾಪಸ್ ಕೊಡಂಗಿಲ್ರಿ ಮೇಡಂ" ಎಂದಳು.

"ಕೊನೇ ದಿನ ಎಲ್ಲಾರೂ ಹಂಗ ಅಂತಾರವಾ. ಮುಂದಿನ ಪಾಳಿ ನಿನ್ನ ತಂಗೀದು" ಎಂದರು ಮೇಡಂ, ಸೂಜಿ ಒರೆಸುತ್ತ.

ತಂಗಿ ರೇಣವ್ವ ಬೆಂಚಿನ ಮೇಲೆ ದುಪಟ್ಟಾದ ಚುಂಗು ಕಚ್ಚಿಕೊಂಡು ನಡುಗುತ್ತಿದ್ದಳು. ಹುಲಿಗೆಮ್ಮ ಅವಳನ್ನು ನೋಡಿ ಸೂಜಿಗೆ ತೋಳು ಚಾಚಿದಳು.

ಮರುದಿನ ಬೆಳಿಗ್ಗೆ ಅಪ್ಪ ಗಂಡಿನ ಕಡೆಯವರನ್ನು ಕರೆತಂದ. ಅವರು ನೋಡಲು ಬಂದದ್ದು ರೇಣವ್ವನನ್ನು. ಅವಳು ಎದ್ದು ನಿಂತು, ಎಲ್ಲರ ಮುಖ ನೋಡಿ ಹೇಳಿದಳು: "ನನಗ ಓದೂದೈತಿ. ಅಕ್ಕನ್ನ ಕೊಡ್ರಿ, ಆಕಿ ಈಗ ಒಲ್ಲೆ ಅನ್ನಂಗಿಲ್ಲ."

ಎಲ್ಲರೂ ಹುಲಿಗೆಮ್ಮನತ್ತ ತಿರುಗಿದರು. ಅವಳು ನೆಲ ನೋಡುತ್ತ, "ಹೂಂ" ಎಂದಳು.