ದೊರೆಯ ಮರೆವು

“ನಿಮ್ಮಣ್ಣನ ತಲೆ ಈಗ ತೂತಿನ ಗಡಿಗೆ ಕಣಮ್ಮ. ನೀವಿರೋ ತನಕ ಸೋರೋದು ಯಾರಿಗೂ ಕಾಣಲ್ಲ, ಅಷ್ಟೇ,” ಎಂದ ನಾಟಕ ಕಂಪನಿಯ ಮ್ಯಾನೇಜರ್.

ಅವಳು ನಾಟಕದ ಪ್ರತಿಯನ್ನು ಎದೆಗವಚಿಕೊಂಡು ರಂಗದ ಮುಂಭಾಗದ ಗುಂಡಿಗೆ ಇಳಿದಳು. ಮೊಣಕಾಲು ಮಡಚಿದರಷ್ಟೇ ಹಿಡಿಸುವ ಜಾಗ. ತಲೆಯ ಮೇಲೆ ಮರದ ಮುಚ್ಚಳ, ಎದುರಿಗೊಂದು ಕಿಂಡಿ, ಕಿಂಡಿಯ ತುಂಬ ನಟರ ಬೂಟುಗಳು. ಮರೆತವರಿಗೆ ಅಲ್ಲಿಂದ ಮಾತು ಹೇಳಿಕೊಡುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅದೇ. ಕಂಪನಿಯವರ ಬಾಯಲ್ಲಿ ಅವಳು ಬಿಲದಕ್ಕ.

ನಾಟಕ, ವಿಕ್ಟೋರಿಯಾ ರಾಣಿಯ ಕಾಲದ ದಪ್ಪ ಕಾದಂಬರಿಯೊಂದರದ್ದು. ಜನ ಬಿಡಲೊಲ್ಲರು, ಹಾಗಾಗಿ ಕಂಪನಿಯೂ ಬಿಡದು. ಮೊದಲು ಜನರನ್ನು ಅಳಿಸುವ ರೂಪಾಂತರ, ಆಮೇಲೆ ಹಾಡುಗಳದ್ದು, ಆಮೇಲೆ ಕಾದಂಬರಿಯಲ್ಲಿ ಸತ್ತ ನಾಯಕಿಯನ್ನು ಬದುಕಿಸಿ ಮದುವೆ ಮಾಡಿಸಿದ್ದು. ಈಗಿನದು ನಾಲ್ಕನೆಯದು. ನಾಲ್ಕರಲ್ಲೂ ಜಮೀನುದಾರ ದೊರೆ ಅವಳ ಅಣ್ಣನೇ. ಹಳೆಯದರ ಮಾತು ಹೊಸದರ ನಡುವೆ ನುಗ್ಗಿ ಅಣ್ಣ ಗಕ್ಕನೆ ನಿಂತುಬಿಡುತ್ತಾನೆ, ಪಾಪ, ಎಂದು ಅವಳು ತಿಳಿದಿದ್ದಳು. ಪ್ರತಿ ಆಟಕ್ಕೂ ಮೂರು ಸಲ. ಪುಣ್ಯಕ್ಕೆ, ಮರೆಯುವುದೆಲ್ಲ ಗುಂಡಿಯ ಹತ್ತಿರ ಬಂದಾಗಲೇ. ರಂಗದ ಹಿಂಬದಿಯ ಮಹಡಿ ಮೆಟ್ಟಿಲ ಮೇಲೆ ಒಮ್ಮೆಯೂ ತಡವರಿಸಿದವನಲ್ಲ.

ಊರಾಚೆಯ ಶಾಲೆಯೊಂದು ಅವಳನ್ನು ಮಕ್ಕಳಿಗೆ ಓದು ಕಲಿಸಲು ಕರೆದಿತ್ತು. ಕಿಟಕಿಗಳಿರುವ ಕೋಣೆ, ನಿಂತು ಮಾಡುವ ಕೆಲಸ. ಹಿಂದಿನ ಎರಡು ವರ್ಷವೂ ಆಗದೆಂದಿದ್ದಳು. ಇದು ಮೂರನೆಯ ಕರೆ, ಕೊನೆಯದೂ ಇರಬಹುದು. ನಾಳೆಯೊಳಗೆ ಉತ್ತರ ಹೇಳಬೇಕು. ಅಣ್ಣನಿಗೆ ಹೇಳಿದರೆ ಹೋಗೆಂದೇ ಅನ್ನುತ್ತಾನೆ. ಆದರೆ ಅವನನ್ನು ನಡುನೀರಿನಲ್ಲಿ ಕೈಬಿಡುವುದು ಹೇಗೆ?

ಭಾನುವಾರ ಮಧ್ಯಾಹ್ನದ ಆಟ. ಎರಡನೆಯ ಅಂಕದಲ್ಲಿ ಗುಂಡಿಯ ಧೂಳಿಗೆ ಅವಳಿಗೆ ಕೆಮ್ಮು ಒತ್ತರಿಸಿ ಬಂತು. ಹೊರಗೆ ಕೇಳಬಾರದೆಂದು ಕರವಸ್ತ್ರವನ್ನು ಬಾಯಿಗೆ ತುರುಕಿದಳು. ಸರಿಯಾಗಿ ಆಗಲೇ ದೊರೆಯ ಬೂಟು ಕಿಂಡಿಯ ಮುಂದೆ ಬಂದು ನಿಂತಿತು. ಮಾತೂ ನಿಂತಿತು. ಅವಳಿಗೆ ಉಸಿರೇ ಇಲ್ಲ, ಇನ್ನು ಪಿಸುಗುಟ್ಟುವುದೆಲ್ಲಿ? ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹಾಕಿದರು.

ಅಣ್ಣ ತುಸು ಬಾಗಿ ಕಿಂಡಿಯೊಳಗೆ ನೋಡಿದ. ನೆಟ್ಟಗಾದ. ಆ ಮಾತು ಹೇಳಿದ, ಮುಂದಿನದನ್ನೂ ಹೇಳಿದ. ಗಾಬರಿಯಲ್ಲಿ ನಾಯಕಿ ನುಂಗಿದ ಸಾಲನ್ನೂ ತಾನೇ ಸೇರಿಸಿಕೊಂಡು ಅಂಕ ಮುಗಿಸಿದ. ಅವಳ ಬೆರಳು ಪುಟದ ಮೇಲೆ ಅವನ ಹಿಂದೆ ಓಡಲಾರದೆ ನಿಂತಿತು.

ಪರದೆ ಬಿದ್ದಮೇಲೆ ಅಣ್ಣ ಬಂದು ಮುಚ್ಚಳ ಎತ್ತಿ ನೀರು ಕೊಟ್ಟ.

“ಒಂದಕ್ಷರ ತಪ್ಪಲಿಲ್ಲವಲ್ಲಣ್ಣ,” ಎಂದಳು.

ಮ್ಯಾನೇಜರ್ ಅತ್ತ ಇಲ್ಲವೆಂದು ನೋಡಿಕೊಂಡು ಅವನು ದನಿ ತಗ್ಗಿಸಿದ. “ನಂಗೆ ಯಾವತ್ತು ಮರೆತಿತ್ತೇ? ಯಾರೂ ಮರೀದಿದ್ರೆ ಗುಂಡೀಲಿ ಆಳು ಯಾಕೆ ಅಂದಿದ್ದ ಆ ಮ್ಯಾನೇಜರ್. ಇದೂ ಹೋದ್ರೆ ನಿಂಗೆ ಇನ್ಯಾವ ಕೆಲಸ ಇತ್ತು ಹೇಳು? ಅದಕ್ಕೇ ನಾನೂ ಈ ವೇಷ ಬಿಡಲಿಲ್ಲ. ಸಾಕಾಗಿ ಎಷ್ಟೋ ಕಾಲ ಆಯ್ತು.”

“ಶಾಲೆಯೋರು ಮೂರು ವರ್ಷದಿಂದ ಕರೀತಿದ್ದಾರೆ. ನಿನ್ನ ಬಿಟ್ಟು ಹೇಗೆ ಹೋಗಲಿ ಅಂತ...”

ಅಣ್ಣ ಗುಂಡಿಯ ಅಂಚಿನಲ್ಲಿ ಕುಕ್ಕರಿಸಿದ. ಬಾಯಿ ತೆರೆದ. ಈ ಸಲ ಅವನಿಗೆ ನಿಜವಾಗಿಯೂ ಮಾತು ಸಿಗಲಿಲ್ಲ.