ಒಂದು ದಿನದ ರಜೆ

ಮೂರು ದಿನದಿಂದ ಕಾನ್‌ಸ್ಟೇಬಲನ ಮೈ ಕೆಂಡದಂತೆ ಸುಡುತ್ತಿತ್ತು. ಆದರೂ ಇನ್‌ಸ್ಪೆಕ್ಟರು ಫೋನಿನಲ್ಲಿ ಗುಡುಗಿದರು: "ಸತ್ತ ಮೇಲೆ ರಜೆ ತಗೊಳ್ಳಯ್ಯ. ಈಗ ಬಂದೋಬಸ್ತ್‌ಗೆ ಬಾ!"

ಬೂಟು ಹಾಕಿಕೊಳ್ಳುತ್ತಿದ್ದವನ ಹಣೆ ಮುಟ್ಟಿ ನೋಡಿದ ಹೆಂಡತಿ, "ಖಾಕಿ ಹಾಕ್ಕೊಂಡೋರು ಬಾಯಿ ಬಿಡೋ ಹಾಗಿಲ್ಲ. ನಿಮ್ಮ ಪರವಾಗಿ ನಾವೇ ಕೇಳ್ತೀವಿ ಬಿಡಿ" ಎಂದಳು. ಅವನ ತಲೆಗೆ ಏನೂ ಹೋಗಲಿಲ್ಲ.

ಮಧ್ಯಾಹ್ನ ಕಮಿಷನರ್ ಕಚೇರಿಯ ಗೇಟು ತಳ್ಳುತ್ತಿದ್ದ ಗುಂಪಿನ ಮೇಲೆ ಲಾಠಿ ಬೀಸಲು ಅಪ್ಪಣೆಯಾಯಿತು. ಜ್ವರಕ್ಕೆ ಕಣ್ಣು ಮಂಜಾಗಿತ್ತು; ರೋಷವೆಲ್ಲ ತೋಳಿಗಿಳಿದಿತ್ತು. ಎದುರು ಸಿಕ್ಕವರನ್ನೆಲ್ಲ ದನಕ್ಕೆ ಬಡಿದಂತೆ ಬಡಿದ. ಕೊನೆಯ ಏಟಿಗೆ ಒಬ್ಬಳ ತಲೆ ಒಡೆದು, ಅವಳ ಕೈಯಲ್ಲಿದ್ದ 'ಪೊಲೀಸರಿಗೂ ಕಾಯಿಲೆ ರಜೆ ಕೊಡಿ' ಎಂಬ ಫಲಕದ ಮೇಲೆ ರಕ್ತ ಚಿಮ್ಮಿತು.

ಬಿದ್ದವಳನ್ನು ಎಳೆದೊಯ್ಯಲು ಬಗ್ಗಿದ. ಅವಳು ರಕ್ತದ ಕೈ ಎತ್ತಿ ಅವನ ಹಣೆ ಮುಟ್ಟಿದಳು.

"ಇನ್ನೂ ಸುಡ್ತಿದೆಯಲ್ರೀ!"