ಮದ್ದು ಸಿಕ್ಕಿತು

ಭಯೋತ್ಪಾದನೆ ತಡೆ ಕಾಯ್ದೆಯಡಿ ಬಂಧಿಸಿದವನನ್ನು ಬಿಡಬೇಕೆಂಬ ಅರ್ಜಿ ನ್ಯಾಯಾಧೀಶರ ಮುಂದಿತ್ತು. ಸಾಕ್ಷ್ಯವೆಂದರೆ ಅವನು ಫೋನಿನಲ್ಲಿ ಆಡಿದ ಒಂದೇ ಮಾತು: "ಮದ್ದು ಸಿಕ್ಕಿತು, ನಾಳೆ ತರ್ತೇನೆ." ಸಿಡಿಮದ್ದು ಎಂದರು ಪೊಲೀಸರು.

"ಅದು ಅಮ್ಮನ ಕೆಮ್ಮಿಗೆ, ಸ್ವಾಮೀ," ಎಂದು ಅವನ ಅಕ್ಕ ಕೈಮುಗಿದಳು.

"ಔಷಧಿಗೆ ಮದ್ದು ಅಂತ ಈಗ ಯಾರಮ್ಮ ಹೇಳ್ತಾರೆ?" ಎಂದವರೇ ಅರ್ಜಿ ವಜಾ ಮಾಡಿದರು.

ಅವನು ಜೈಲಿನಲ್ಲೇ ತೀರಿಕೊಂಡ. ಧ್ವನಿಮುದ್ರಿಕೆಯಲ್ಲಿ ಕೇಳಿದ್ದ ಆ ದನಿ ಮಾತ್ರ ನ್ಯಾಯಾಧೀಶರ ಕಿವಿ ಬಿಟ್ಟು ಹೋಗಲಿಲ್ಲ. ಊಟಕ್ಕೆ ಕೂತರೂ ಅದೇ, ಕಲಾಪಕ್ಕೆ ಕೂತರೂ ಅದೇ.

ಒಂದು ಸಂಜೆ ಅವರು ಔಷಧಿ ಅಂಗಡಿಯಿಂದ ಹೊರಬರುವಾಗ ಊರಿನಿಂದ ತಾಯಿಯ ಫೋನ್ ಬಂತು. "ಮಗಾ, ಮಂಡಿನೋವಿಗೆ ಹೇಳಿದ್ದು ಎಂತ ಆಯ್ತು?"

ನಾಲಿಗೆ ತಾನಾಗಿ ಊರಿನ ಕನ್ನಡಕ್ಕೆ ಹೊರಳಿತು. "ಮದ್ದು ಸಿಕ್ಕಿತು, ನಾಳೆ ತರ್ತೇನೆ."



"ಯಾರಿದು?" ಎಂದರು ತಾಯಿ. "ಇದು ನನ್ನ ಮಗನ ದನಿ ಅಲ್ಲ."